ಹಾಜರಿ ಪುಸ್ತಕದ ಕೊನೆಯ ಹೆಸರು

ಡಬ್ಲಿನ್, ಗಾಜಿನ ಕಿಟಕಿ

ಐರ್ಲೆಂಡಿನ ನೆಲಕ್ಕೆ ಕಾಲಿಟ್ಟು ಇನ್ನೂ ಕಾಲು ಗಂಟೆ ಆಗಿರಲಿಲ್ಲ, ನನ್ನ ಮಗಳು ನನ್ನ ಮಾನ ತೆಗೆದಳು. ಪಾಸ್‌ಪೋರ್ಟ್ ನೋಡುವ ಗಾಜಿನ ಕಿಟಕಿಯ ಹಿಂದೆ ಕೆಂಪು ಗಡ್ಡದ ಅಧಿಕಾರಿಯೊಬ್ಬ ಕೂತಿದ್ದ. ನನ್ನನ್ನು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿ, ಹತ್ತು ವರ್ಷದ ಇಂಚರಳ ಕಡೆ ಬಗ್ಗಿ, ನೀನು ಯಾವ ಶಾಲೆ ಪುಟ್ಟಾ ಅಂತ ಅಕ್ಕರೆಯಿಂದಲೇ ಕೇಳಿದ. ಇವಳು ಒಂದು ಗಳಿಗೆಯೂ ಯೋಚಿಸದೆ ನನ್ನ ಕಡೆ ಬೆರಳು ತೋರಿಸಿ, ಇವರೇ ನನ್ನ ಶಾಲೆ ಅಂದಳು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಗಡಿಬಿಡಿಯಲ್ಲಿ, ಇವಳಿಗೆ ಮನೆಯಲ್ಲೇ ಕಲಿಸುತ್ತೇನೆ, ನಮ್ಮದು ಕಾಫಿ ತೋಟ, ಊರು ದೂರ, ದಾರಿಯಲ್ಲಿ ಆನೆ ಇದೆ ಅಂತ ಒಂದೇ ಉಸಿರಿಗೆ ಒದರಿದೆ. ಆನೆ ಅಂದದ್ದು ಕೇಳಿ ಪಕ್ಕದ ಕಿಟಕಿಯವಳೂ ಇತ್ತ ತಿರುಗಿದಳು. ಗಡ್ಡದವನು ನಗುತ್ತಾ ಠಸ್ಸೆ ಒತ್ತಿ ಇಂಚರಳಿಗೆ ಹೇಳಿದ: "ಹಾಗಾದರೆ ಪಾಪ, ನಿನಗೆ ರಜೆಯೇ ಇಲ್ಲ. ಶಾಲೆ ನಿನ್ನ ಜೊತೆಗೇ ಬಂದುಬಿಟ್ಟಿದೆ."

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಸಾಮಾನಿಗೆ ಕಾಯುತ್ತಾ ನಿಂತಾಗ ಆ ಮಾತು ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳದ ಹಾಗೆ ಬಿಡಲಿಲ್ಲ. ತಮಾಷೆಗೆ ಅಂದದ್ದು ಅಂತ ಎಷ್ಟು ಸಲ ಕಿತ್ತು ಹಾಕಿದರೂ ಮತ್ತೆ ಅಲ್ಲೇ ಹತ್ತಿಕೊಳ್ಳುತ್ತಿತ್ತು.

ಯಾಕೆ ಬಂದೆವು ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂಡಿಗೆರೆ ಸೀಮೆಯ ತೋಟದ ಮನೆಗಳಲ್ಲಿ ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಹಾಸ್ಟೆಲಿನ ಟ್ರಂಕು ಬಂದುಬಿಡುತ್ತದೆ. ಹತ್ತಿರ ಶಾಲೆ ಇಲ್ಲ, ಬಸ್ಸು ನೆಚ್ಚುವ ಹಾಗಿಲ್ಲ ಅಂತ ಆರನೇ ವಯಸ್ಸಿಗೇ ಘಟ್ಟ ಇಳಿಸುತ್ತಾರೆ. ನನ್ನನ್ನೂ ಇಳಿಸಿದ್ದರು. ಹನ್ನೆರಡು ವರ್ಷ ಅಲ್ಲೇ ಇದ್ದೆ. ಕಾಫಿ ಬೆಳೆಯುವ ಮನೆಯ ಹುಡುಗಿ ಆ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕಾಫಿ ಹೂ ನೋಡಲಿಲ್ಲ ಅಂದರೆ ನೀವು ನಂಬಬೇಕು. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟಕ್ಕೆ ತೋಟವೇ ಬೆಳ್ಳಗಾಗುವ ಹೊತ್ತಿಗೆ ನಮಗೆ ಪರೀಕ್ಷೆ. ರಜೆಗೆ ಬರುವಷ್ಟರಲ್ಲಿ ಹೂ ಕಂದಿ ರೆಂಬೆಗೆ ಅಂಟಿಕೊಂಡಿರುತ್ತಿತ್ತು. ಅಮ್ಮ ಕವರಿನೊಳಗೆ ಒಂದೆರಡು ಹೂ ಇಟ್ಟು ಕಳಿಸುತ್ತಿದ್ದಳು. ನನ್ನ ಕೈಗೆ ಬರುವ ಹೊತ್ತಿಗೆ ಟೀ ಸೊಪ್ಪಿನ ಬಣ್ಣಕ್ಕೆ ತಿರುಗಿ ಪುಡಿಪುಡಿ. ಅದನ್ನೂ ಮೂಸುತ್ತಿದ್ದೆ. ವಾಸನೆ ಕಾಗದದ್ದೇ ಇರುತ್ತಿತ್ತು.

ಹಾಗಾಗಿ ಇಂಚರ ಹುಟ್ಟಿದಾಗ, ಇವಳನ್ನು ಎಲ್ಲಿಗೂ ಕಳಿಸೋದಿಲ್ಲ ಅಂತ ಬಾಣಂತಿ ಮಂಚದಲ್ಲೇ ತೀರ್ಮಾನ ಮಾಡಿಬಿಟ್ಟೆ. ಅವಳು ಒಂದನೇ ಕ್ಲಾಸಿಗೆ ಹೋಗಬೇಕು ಅನ್ನುವಾಗ ಕೊರೊನಾ ಬಂತು. ಎಲ್ಲರ ಮಕ್ಕಳೂ ಮನೆಗೆ ಬಂದರು. ಆಮೇಲೆ ಎಲ್ಲರ ಮಕ್ಕಳೂ ವಾಪಸ್ ಹೋದರು, ನನ್ನವಳು ಹೋಗಲಿಲ್ಲ. ನನ್ನ ಹತ್ತಿರ ಬಿ.ಎಡ್. ಇತ್ತು, ಊಟದ ಮೇಜಿತ್ತು, ಸಾಕಾಗದೆ? ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ ಮನೆಪಾಠ ಅನ್ನುತ್ತಿದ್ದೆ. ನಮ್ಮ ಕಡೆ ಮನೆಪಾಠ ಅಂದರೆ ದಡ್ಡ ಮಕ್ಕಳಿಗೆ ಸಂಜೆ ಹೇಳಿಕೊಡುವ ಟ್ಯೂಷನ್. ಅಯ್ಯೋ ಪಾಪ, ಯಾವುದರಲ್ಲಿ ವೀಕು, ಲೆಕ್ಕದಲ್ಲಾ ಅಂತ ಕೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಈ ಏಪ್ರಿಲಿನಲ್ಲಿ ನಮ್ಮನೆಯವರು ಮೂಡಿಗೆರೆಯ ಒಂದು ಶಾಲೆಯಿಂದ ಐದನೇ ಕ್ಲಾಸಿನ ಅರ್ಜಿ ತಂದು ಬೀರುವಿನ ಮೇಲಿಟ್ಟರು. ಜಗಳ ಆಡಲಿಲ್ಲ. ಆಡದೇ ಇರುವುದೇ ಅವರ ದೊಡ್ಡ ಆಯುಧ. ಐರ್ಲೆಂಡಿನಿಂದ ನಿನ್ನ ಗೆಳತಿ ಕರೀತಾನೇ ಇದಾಳಲ್ಲ, ಇಂಚರನ್ನೂ ಕರ್ಕೊಂಡು ಹೋಗು, ಅಲ್ಲಿ ಮನೇಲೇ ಮಕ್ಕಳಿಗೆ ಕಲಿಸೋರಿದಾರಂತೆ, ಸರಿಯಾಗಿ ನೋಡ್ಕೊಂಡು ಬಾ ಅಂದರು. ಅರ್ಜಿ ಕೊಡಲು ಮೇ ಕೊನೆಯ ತನಕ ಸಮಯ ಇತ್ತು. "ಬಂದ್ಮೇಲೆ ಅವಳು ಏನಂತಾಳೋ ಹಾಗೆ ಮಾಡೋಣ ಮಾರಾಯ್ತಿ. ನಾನೂ ಬೇಡ, ನೀನೂ ಬೇಡ." ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನಾನು ನೋಡಲು ಹೊರಟಿರಲಿಲ್ಲ, ಗೆಲ್ಲಲು ಹೊರಟಿದ್ದೆ.

ಪಡುವಣದ ರಸ್ತೆ

"ಲೇ ಗೊರಬೂ!"

ವಿಮಾನ ನಿಲ್ದಾಣದ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಕೂಗಿದ್ದು ಸುಮಾ. ಕಳಸದ ಕಡೆಯವಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ. ಈಗ ಇಲ್ಲಿ ನರ್ಸು, ದೇಶದ ಪಡುವಣ ದಂಡೆಯ ಒಂದು ಹಳ್ಳಿಯಲ್ಲಿ ಗಂಡ, ಮಗಳ ಜೊತೆ ಮನೆ ಮಾಡಿಕೊಂಡಿದ್ದಾಳೆ. ಹಾಸ್ಟೆಲಿನ ಮೊದಲ ಮಳೆಗಾಲದಲ್ಲಿ ಎಲ್ಲರೂ ಕೊಡೆ ಬಿಚ್ಚುವಾಗ ನಾನು ವಾರ್ಡನ್ ಹತ್ತಿರ ಹೋಗಿ ಗೊರಬು ಕೊಡಿ ಅಂದಿದ್ದೆ. ನಮ್ಮಲ್ಲಿ ಆಳುಗಳು ನಾಟಿ ಮಾಡುವಾಗ ಬೆನ್ನಿಗೆ ಹಾಕಿಕೊಳ್ಳುವ ಎಲೆಯ ಗೊರಬು ಬಿಟ್ಟರೆ ಮಳೆಗೆ ಬೇರೇನೂ ನನಗೆ ತೋಚಿರಲಿಲ್ಲ. ಕರಾವಳಿಯ ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಹನ್ನೆರಡು ವರ್ಷ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಇಂಚರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅಮ್ಮನಿಗೆ ಇನ್ನೊಂದು ಹೆಸರಿದೆ ಅನ್ನೋದು ಅವಳಿಗೆ ಆವತ್ತೇ ಗೊತ್ತಾದದ್ದು. ಕಾರು ಹತ್ತಿದ ಮೇಲೆ ಅದರದ್ದೇ ಧ್ಯಾನ. ಯಾರು ಇಟ್ಟದ್ದು, ಮೊದಲು ಕರೆದವರು ಯಾರು, ಅಮ್ಮ ಅತ್ತಳಾ, ಸುಮಾ ಆಂಟಿಗೆ ಏನಂತಿದ್ದರು? ಕಡ್ಲೆಕಾಯಿ, ಅಂದಳು ಸುಮಾ. ಇಂಚರ ಹಿಂದಿನ ಸೀಟಿನಲ್ಲಿ ಗೊರಬು, ಕಡ್ಲೆಕಾಯಿ, ಗೊರಬು, ಕಡ್ಲೆಕಾಯಿ ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಹೋದಳು. ನಾನು ಕಿಟಕಿಯ ಆಚೆ ಇರುವ ಕುರಿಗಳನ್ನು ತೋರಿಸಿ ಮಾತು ಬೇರೆ ಕಡೆ ಎಳೆಯಲು ನೋಡಿದೆ, ಆಗಲಿಲ್ಲ.

ಪಡುವಣದ ರಸ್ತೆಗಳು ನಮ್ಮ ತೋಟದ ದಾರಿಯಷ್ಟೇ ಕಿರಿದು. ಎದುರಿಗೆ ಬಂದ ಪ್ರತಿ ಕಾರಿನವನೂ ಸ್ಟೀರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದ. ಅದು ನಮಸ್ಕಾರವಂತೆ. ಗುರುತು ಇರಲಿ ಇಲ್ಲದಿರಲಿ, ಒಂದು ಬೆರಳು. ನಮ್ಮೂರ ಕಡೆ ಗೋಣಿಬೀಡಿನ ರಸ್ತೆಯಲ್ಲಿ ಎರಡು ಜೀಪು ಎದುರಾದರೆ ನಡುರಸ್ತೆಯಲ್ಲೇ ನಿಂತು, ಕಿಟಕಿಗೆ ಕಿಟಕಿ ಹಚ್ಚಿಕೊಂಡು, ಮೆಣಸಿನ ಬಳ್ಳಿಯ ಸೊರಗು ರೋಗದಿಂದ ಹಿಡಿದು ಹುಡುಗಿಯ ಜಾತಕದ ತನಕ ಮಾತಾಡಿಯೇ ಮುಂದೆ ಹೋಗೋದು. ಹಿಂದಿನವನು ಹಾರನ್ ಹಾಕಿದರೆ ತಪ್ಪು ಅವನದೇ. ಇವರ ಬೆರಳು ನನಗೆ ಮೊದಲು ಜಿಪುಣತನ ಅನ್ನಿಸಿತು. ಎರಡು ದಿನ ಕಳೆದ ಮೇಲೆ ನಾನೂ ಮುಂದಿನ ಸೀಟಿನಲ್ಲಿ ಕೂತು ಬೆರಳು ಎತ್ತತೊಡಗಿದೆ.

ಜಿಟಿಜಿಟಿ ಹನಿಯುತ್ತಿತ್ತು. ಇದಕ್ಕೆ ಇಲ್ಲಿಯವರು ಮೆದು ದಿನ ಅಂತಾರೆ ಅಂದಳು ಸುಮಾ. ಇದನ್ನು ಮಳೆ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ನಮ್ಮಲ್ಲಿ ಇಷ್ಟಕ್ಕೆ ಯಾರೂ ಹೊರಗೆ ಹಾಕಿದ ಬಟ್ಟೆಯನ್ನೂ ಎತ್ತೋದಿಲ್ಲ.

ಸುಮಾಳ ಅಡಿಗೆಮನೆ

ಮನೆಯದೇ ಕಾಫಿಪುಡಿ, ಮನೆಯದೇ ಏಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ತಂದಿದ್ದೆ, ಫಿಲ್ಟರ್ ಮರೆತಿದ್ದೆ. ಸುಮಾಳ ಮನೆಯಲ್ಲಿ ಮೂರು ತರದ ಟೀ ಇತ್ತು, ಕಾಫಿಗೆ ಏನೂ ಇರಲಿಲ್ಲ. ಕೊನೆಗೆ ಅವಳ ಗಂಡನ ಹೊಸ ಕರ್ಚೀಫಿನಲ್ಲಿ ಸೋಸಿದೆವು. ಕರ್ಚೀಫು ಹೋಯಿತು, ಕಾಫಿ ಮಾತ್ರ ಊರಿನ ಹಾಗೇ ಬಂತು. ಸುಮಾ ಲೋಟ ಮೂಗಿನ ಹತ್ತಿರ ಹಿಡಿದುಕೊಂಡು ಕುಡಿಯದೆ ತುಂಬಾ ಹೊತ್ತು ನಿಂತಳು. ಕಣ್ಣು ಒದ್ದೆಯಾಗಿತ್ತು, ನಾನು ನೋಡದವಳ ಹಾಗೆ ಇದ್ದೆ.

ಅವಳ ಮಗಳು ಅದಿತಿಗೆ ಒಂಬತ್ತು ವರ್ಷ. ಎಂಟೂ ಮುಕ್ಕಾಲಿಗೆ ಬ್ಯಾಗು ಹಾಕಿಕೊಂಡು ನಡೆದೇ ಶಾಲೆಗೆ ಹೋಗುತ್ತಿದ್ದಳು. ಇಂಚರ ಕಿಟಕಿಯಲ್ಲಿ ನಿಂತು ಆ ಬ್ಯಾಗು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದಳು. ನಾನು ಒಂಬತ್ತಕ್ಕೆ ಸರಿಯಾಗಿ ಸುಮಾಳ ಮೇಜಿನ ಮೇಲೆ ಭಿನ್ನರಾಶಿ ತೆಗೆದೆ. ಪರದೇಶಕ್ಕೆ ಹೋದರೂ ಪಾಠ ತಪ್ಪಬಾರದು ಅನ್ನೋದು ನನ್ನ ಹಟ. ಅವಳು ಲೆಕ್ಕ ಎಲ್ಲ ಸರಿಯಾಗಿಯೇ ಮಾಡಿದಳು. ಆದರೆ ಹತ್ತು ನಿಮಿಷಕ್ಕೊಂದು ಸಲ, ಅದಿತಿ ಈಗ ಏನು ಮಾಡ್ತಿರಬಹುದು ಅಂತ ಕೇಳುತ್ತಿದ್ದಳು.

ಸುಮಾ ಪಾತ್ರೆ ಒರೆಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಇಂಚರ ಹಿತ್ತಲಿಗೆ ಹೋದದ್ದೇ ತಡ, ಇವಳನ್ನು ಯಾಕೆ ಶಾಲೆಗೆ ಕಳಿಸೋದಿಲ್ಲ ಅಂತ ಶುರು ಮಾಡಿದಳು. ನಾನು ಹಳೇ ವಾದ ಎಲ್ಲ ತೆಗೆದೆ. ನಾವಿಬ್ಬರೂ ಭಾನುವಾರ ಹಾಸ್ಟೆಲಿನ ಗೋಡೆ ಹತ್ತಿ ಘಟ್ಟದ ಗೆರೆ ನೋಡುತ್ತಾ ಕೂರುತ್ತಿದ್ದದ್ದು ಮರೆತೆಯಾ ಅಂದೆ. ನೀನು ದಿಂಬಿನ ಕೆಳಗೆ ನಿಮ್ಮಮ್ಮನ ಹಳೇ ರವಿಕೆ ಇಟ್ಟುಕೊಂಡಿದ್ದೆಯಲ್ಲ, ಅದನ್ನು ವಾರ್ಡನ್ ಒಗೆಯಲು ಹಾಕಿಸಿದಾಗ ಎರಡು ದಿನ ಊಟ ಬಿಟ್ಟೆಯಲ್ಲ ಅಂದೆ. ಅವಳಿಗೆ ಎಲ್ಲ ನೆನಪಿತ್ತು.

"ಹಾಸ್ಟೆಲ್ ಬೇರೆ, ಶಾಲೆ ಬೇರೆ ಕಣೇ," ಅಂದಳು. "ನೀನು ಎರಡನ್ನೂ ಸೇರ್ಸಿ ಒಂದೇ ಗಂಟು ಕಟ್ಟಿ ಅಟ್ಟಕ್ಕೆ ಎಸ್ದಿದೀಯ. ನಾವು ಅತ್ತಿದ್ದು ಮನೆಗೆ. ಕ್ಲಾಸಿಗಲ್ಲ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಪಾತ್ರೆ ಜೋಡಿಸುತ್ತೇನೆ. ಅವಳು ಜೋಡಿಸಿಟ್ಟದ್ದನ್ನೆಲ್ಲ ಇನ್ನೊಂದು ಸಲ ಜೋಡಿಸಿದೆ.

ಮೊಯ್ರಾಳ ಮನೆ

ಮಂಗಳವಾರ ನಾನು ಕಾಯುತ್ತಿದ್ದ ಮನೆಗೆ ಹೋದೆವು. ಮೊಯ್ರಾ ಸುಮಾಳ ಆಸ್ಪತ್ರೆಯ ಗೆಳತಿಯೊಬ್ಬಳ ಅಕ್ಕ. ಮೂರು ಮಕ್ಕಳು, ಮೂವರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲಿನ ಮನೆ, ಸುತ್ತ ಕುರಿ, ಹಿತ್ತಲಲ್ಲಿ ಕೋಸು. ಅಡಿಗೆಮನೆಯ ಗೋಡೆಗೆ ಭೂಪಟ, ಅದರ ಮೇಲೆ ಹಿಟ್ಟಿನ ಬೆರಳಚ್ಚು. ನೋಡಿದ್ದೇ ನನಗೆ ನನ್ನದೇ ಮನೆಗೆ ಬಂದಷ್ಟು ಖುಷಿಯಾಯಿತು.

ಏನು ಮಕ್ಕಳು ಅಂತೀರಿ! ಹನ್ನೆರಡರ ಹುಡುಗ ಕಣ್ಣು ಮುಚ್ಚಿ ಕೂಗಿನಿಂದಲೇ ಹಕ್ಕಿಯ ಹೆಸರು ಹೇಳಿದ. ಚಿಕ್ಕವಳು ಬ್ರೆಡ್ಡಿನ ಹಿಟ್ಟು ಅಳೆಯುತ್ತಲೇ ಇಂಚರಳಿಗೆ ಭಿನ್ನರಾಶಿಯಲ್ಲಿ ಒಂದು ಹೊಸ ದಾರಿ ತೋರಿಸಿದಳು. ಗಂಟೆ ಇಲ್ಲ, ಬೆತ್ತ ಇಲ್ಲ, ಇಂತಿಷ್ಟು ಪುಟ ಅಂತ ಇಲ್ಲ. ಅರ್ಥವಾಗದ್ದನ್ನು ನಾಚಿಕೆ ಇಲ್ಲದೆ ಕೇಳುತ್ತಿದ್ದರು. ನನ್ನ ಹಾಸ್ಟೆಲಿನಲ್ಲಿ ಅರ್ಥವಾಗಲಿಲ್ಲ ಅನ್ನುವುದಕ್ಕಿಂತ ಹೊಟ್ಟೆನೋವು ಅನ್ನೋದು ಸುಲಭವಿತ್ತು. ನಮ್ಮನೆಯವರಿಗೆ ತೋರಿಸಲು ಅಂತ ನಾನು ಆ ಭೂಪಟದ ಫೋಟೋ ನಾಲ್ಕು ತೆಗೆದೆ.

ದೊಡ್ಡವಳು ಈಫಾ, ಹದಿನಾರು ವರ್ಷ. ಅವಳ ಹೆಸರು ಬರೆಯೋದೊಂದು ಕರೆಯೋದೊಂದು. ಬರೆದು ತೋರಿಸಿದಾಗ ಅದು ಇಂಗ್ಲಿಷಿನ 'ಎ'ಯಿಂದ ಶುರುವಾಗಿತ್ತು. ಶಾಲೆಗೆ ಹೋಗಲಿಲ್ಲವಲ್ಲ ಅಂತ ಬೇಜಾರಿದೆಯಾ ಅಂತ ಕೇಳಿದೆ. ಇಲ್ಲ ಅನ್ನುತ್ತಾಳೆ ಅಂತ ಗೊತ್ತಿದ್ದೇ ಕೇಳಿದ್ದು. ಅವಳು ಇಲ್ಲ ಅಂತಲೇ ಅಂದಳು. ಆಮೇಲೆ ಸ್ವಲ್ಪ ತಡೆದು, ಒಂದು ವಿಷಯ ಮಾತ್ರ ಅಂದಳು. ಚಿಕ್ಕಪ್ಪನ ಮಕ್ಕಳು ಸೇರಿದಾಗ ಅವರವರ ಟೀಚರುಗಳನ್ನು ಅಣಕಿಸಿ ನಗುತ್ತಾರಂತೆ. ತಾನು ಟೀಚರನ್ನು ಅಣಕಿಸಿದರೆ ಅಡಿಗೆಮನೆಯಲ್ಲಿರುವ ಅಮ್ಮನಿಗೇ ಕೇಳಿಸುತ್ತದೆ. ಮೊಯ್ರಾ ಅಲ್ಲಿಂದಲೇ, ಹೌದು, ಈಗಲೂ ಕೇಳಿಸಿತು ಅಂದಳು. ಎಲ್ಲರೂ ನಕ್ಕೆವು.

"ಮತ್ತೆ ನನಗೆ ಅಡ್ಡಹೆಸರಿಲ್ಲ," ಅಂದಳು ಈಫಾ. "ಎಲ್ಲರಿಗೂ ಒಂದೊಂದಿದೆ."

ಇಂಚರ ಬ್ರೆಡ್ಡು ತಿನ್ನುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ವಾಪಸ್ ಬರುವಾಗ ಕಾರು ಮನೆ ಹತ್ತಿರ ಬಂದಾಗ, ಅಮ್ಮ, ನನಗೂ ಇಲ್ಲ ಅಲ್ವಾ ಅಂದಳು. ನಾನೇ ಒಂದು ಇಡ್ತೀನಿ ಬಿಡು ಅಂದೆ. ಅಮ್ಮ ಇಟ್ಟರೆ ಅದು ಅಡ್ಡಹೆಸರಾಗಲ್ಲ ಅಂದಳು.

ಎರಡು ಕೋಣೆಯ ಶಾಲೆ

ಗುರುವಾರ ಅದಿತಿಯ ಟೀಚರ್ ಹೇಳಿ ಕಳಿಸಿದರು, ಇಂಡಿಯಾದ ಹುಡುಗಿ ಒಂದು ದಿನ ನಮ್ಮ ಜೊತೆ ಬಂದು ಕೂರಲಿ, ಕಾಫಿ ಬೀಜ ಇದ್ದರೆ ತರಲಿ ಅಂತ. ಬೇಡ ಅನ್ನಲು ನೆಪ ಹುಡುಕಿದೆ. ಅಷ್ಟರಲ್ಲಿ ಇಂಚರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದು ನಿಂತಾಗಿತ್ತು.

ಎರಡೇ ಕೋಣೆ, ಇಬ್ಬರೇ ಟೀಚರು, ಮಕ್ಕಳು ಮೂವತ್ತು ಚಿಲ್ಲರೆ. ನಮ್ಮೂರಿನಲ್ಲಿ ಇಂಥ ಶಾಲೆಗಳೇ ಮಕ್ಕಳಿಲ್ಲ ಅಂತ ಒಂದೊಂದಾಗಿ ಬಾಗಿಲು ಹಾಕಿದ್ದು. ನನಗೆ ಹಿಂದೆ ಒಂದು ಪುಟ್ಟ ಕುರ್ಚಿ ಕೊಟ್ಟರು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಟೀಚರ್ ಹಾಜರಿ ತೆಗೆದರು. ಮಕ್ಕಳು ಅಲ್ಲಿಯ ತನಕ ಗಲಗಲ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು, ಹೆಸರು ಕೂಗಿದಾಗ ಒಬ್ಬೊಬ್ಬರೂ 'ಅನ್‌ಶೋ' ಅನ್ನತೊಡಗಿದರು. ಅದು ಅವರ ಹಳೆಯ ಮಾತಂತೆ, ಇಲ್ಲಿದ್ದೇನೆ ಅಂತ ಅರ್ಥವಂತೆ. ಈ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಆ ಭಾಷೆ ಆಡೋದಿಲ್ಲ. ಆದರೂ ಹೆಸರಿಗೆ ಓಗೊಡುವಾಗ ಮಾತ್ರ ಅಜ್ಜಂದಿರ ಮಾತು. ಅದಿತಿಯೂ ಅನ್‌ಶೋ ಅಂದಳು.

ಟೀಚರ್ ಪುಸ್ತಕದ ಕೊನೆಯಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡು, ನಾಲಿಗೆ ಹೊರಳಿಸಿಕೊಂಡು, "ಇಂ-ಚ-ರಾ" ಅಂದರು.

ನನ್ನ ಮಗಳು ಚಿಮ್ಮಿ ಎದ್ದು ನಿಂತಳು. ಎರಡು ಕಾಲು ಜೋಡಿಸಿ, ಕೈಯಲ್ಲಿದ್ದ ಅಡಿಪಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದಳು:

"ಬಂದಿದೀನಣ್ಣಾ!"

ಹಾಗೆಂದರೇನು ಅಂತ ಟೀಚರ್ ಕೇಳಿದರು. ನಾನು ಬಂದಿದ್ದೇನೆ ಅಂತ, ನಮ್ಮ ಭಾಷೆ ಅಂದಳು. ಒಬ್ಬ ಹೆಂಗಸನ್ನು ಅಣ್ಣಾ ಅಂದ ವಿಚಾರ ಮಾತ್ರ ನುಂಗಿಕೊಂಡಳು. ಟೀಚರಿಗೆ ಎಲ್ಲಿಲ್ಲದ ಸಂತೋಷ. ಮಧ್ಯಾಹ್ನ ಊಟದ ನಂತರ ಇನ್ನೊಂದು ಸಲ ಹಾಜರಿ ತೆಗೆದು, ಈ ಸಲ ಎಲ್ಲರೂ ಇಂಚರಳ ಹಾಗೆ ಹೇಳಬೇಕು ಅಂದರು. ಕೆಂಪು ಕೂದಲಿನ, ಚುಕ್ಕೆ ಮುಖದ ಮಕ್ಕಳು ಒಬ್ಬರಾದ ಮೇಲೊಬ್ಬರು ಅಡಿಪಟ್ಟಿ ಎತ್ತಿ ಬಂದಿದೀನಣ್ಣ, ಬಂದಿದೀನಣ್ಣ ಅಂದವು. ನನಗೆ ನಕ್ಕೂ ನಕ್ಕೂ ಕಣ್ಣೀರು ಬಂತು.

ಎಲ್ಲ ನಗುವೂ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಇದು ನಮ್ಮ ತೋಟದ ಆಳುಗಳು ಬೆಳಿಗ್ಗೆ ಮೇಸ್ತ್ರಿಗೆ ಹಾಜರಿ ಕೊಡುವ ರೀತಿ. ಕಣದಲ್ಲಿ ಮೇಸ್ತ್ರಿ ಲಕ್ಷ್ಮಣಣ್ಣ ಹೆಸರು ಕೂಗುತ್ತಾರೆ, ಹೆಂಗಸರು ಕತ್ತಿ ಎತ್ತಿ ಬಂದಿದೀನಣ್ಣ ಅನ್ನುತ್ತಾರೆ. ಇವಳು ಇದನ್ನು ಇಷ್ಟು ಚೆನ್ನಾಗಿ ಕಲಿತದ್ದು ಯಾವಾಗ? ನಾನಂತೂ ಕಲಿಸಿರಲಿಲ್ಲ.

ಆಟದ ಹೊತ್ತಿನಲ್ಲಿ ಯಾರೋ ತಳ್ಳಿ ಇಂಚರ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ನಾನು ಬೇಲಿಯ ಪಕ್ಕದಲ್ಲೇ ನಿಂತಿದ್ದೆ, ನಾಲ್ಕು ಹೆಜ್ಜೆ ಅಷ್ಟೇ. ಅವಳು ತಲೆ ಎತ್ತಿ ನೋಡಿದ್ದು ನನ್ನನ್ನಲ್ಲ. ಒಂದು ಹುಡುಗಿ ಕೈ ಚಾಚಿದಳು, ಇಬ್ಬರೂ ಕುಂಟುತ್ತಾ ನಗುತ್ತಾ ನಲ್ಲಿಯ ಕಡೆ ಓಡಿದರು. ಪರ್ಸಿನಿಂದ ತೆಗೆದ ಬ್ಯಾಂಡೇಜು ನನ್ನ ಕೈಯಲ್ಲೇ ಉಳಿಯಿತು. ನನಗೆ ಎಂಥ ಸಂಕಟ ಆಯಿತು ಅಂದರೆ, ಅಲ್ಲೇ ಕೂತು ಅಳಬೇಕು ಅನ್ನಿಸಿತು.

ಕಡಲ ದಂಡೆ

ಹೊರಡುವ ಹಿಂದಿನ ದಿನ ಸುಮಾ ನಮ್ಮನ್ನು ಕಡಲಿಗೆ ಕರೆದುಕೊಂಡು ಹೋದಳು. ಹಸಿರು ಗುಡ್ಡ ಹಾಗೇ ನಡೆದುಕೊಂಡು ಹೋಗಿ ಒಮ್ಮೆಲೇ ನೀರಿಗೆ ಕಡಿದು ಬಿದ್ದಿದೆ. ನಮ್ಮ ಸೀಮೆಯ ದೇವರಮನೆ ಅನ್ನೋ ಹುಲ್ಲುಗುಡ್ಡದ ಮೇಲೆ ನಿಂತರೆ ಕೆಳಗೆ ಮಂಜು ಇರುತ್ತದಲ್ಲ, ಇಲ್ಲಿ ಆ ಜಾಗದಲ್ಲಿ ಸಮುದ್ರ. ಗಾಳಿಗೆ ನನ್ನ ಸೆರಗು ನಿಲ್ಲಲಿಲ್ಲ, ಸೀರೆ ಉಟ್ಟು ಬಂದದ್ದಕ್ಕೆ ಸುಮಾ ಬೈಯುತ್ತಾ ಪಿನ್ನು ತರಲು ಕಾರಿಗೆ ಹೋದಳು. ನಾವಿಬ್ಬರೇ ಬೆಂಚಿನ ಮೇಲೆ ಕೂತೆವು.

ಬಂದಿದೀನಣ್ಣ ಎಲ್ಲಿ ಕಲಿತೆ ಅಂತ ಕೇಳಿದೆ.

ಅವಳು ಮುಚ್ಚಿಡಲಿಲ್ಲ. ಏಳು ವರ್ಷದವಳಿದ್ದಾಗಿಂದ ದಿನಾ ಬೆಳಿಗ್ಗೆ ಕಣಕ್ಕೆ ಹೋಗಿ ಸಾಲಿನ ಕೊನೆಯಲ್ಲಿ, ಗಿರಿಜಕ್ಕನ ಹಿಂದೆ ನಿಲ್ಲುತ್ತಾಳಂತೆ. ಆ ಹೊತ್ತಿನಲ್ಲಿ ನಾನು ಮುಂದಿನ ಕೋಣೆಯಲ್ಲಿ ಅವಳ ಆ ದಿನದ ಪಾಠ ಬರೆದುಕೊಳ್ಳುತ್ತಿರುತ್ತೇನೆ. ಲಕ್ಷ್ಮಣಣ್ಣ ಎಲ್ಲರದ್ದೂ ಆದ ಮೇಲೆ ಅವಳ ಹೆಸರನ್ನೂ ಕೂಗುತ್ತಾರೆ. ಪುಸ್ತಕದ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾರೆ. ನನಗೆ ಹೇಳಬೇಡಿ ಅಂತ ಇವಳೇ ಅಂದದ್ದು. ಯಾಕೆ ಹೋಗ್ತಿದ್ದೆ ಅಂತ ಕೇಳಿದೆ.

"ಎಲ್ಲರ ಹೆಸರಿನ ಜೊತೆ ನನ್ನ ಹೆಸರು ಕೂಗಿದ್ರೆ ಚೆನ್ನಾಗಿರುತ್ತೆ," ಅಂದಳು.

ಮೂರು ವರ್ಷ. ನಾನು ಒಳಗೆ ಕೂತು ಇವಳಿಗೆ ಯಾವ ಕೊರತೆಯೂ ಆಗಬಾರದು ಅಂತ ಬಣ್ಣಬಣ್ಣದ ಪೆನ್ನಿನಲ್ಲಿ ಪಾಠ ಬರೆಯುತ್ತಿದ್ದೆ. ಇವಳು ಹೊರಗೆ ಕೆಲಸದವರ ಸಾಲಿನಲ್ಲಿ ಒಂದು ಹೆಸರಿಗೆ ಕಾಯುತ್ತಿದ್ದಳು. ಹಾಸ್ಟೆಲಿನ ಗೋಡೆ ಹತ್ತಿ ಘಟ್ಟ ನೋಡುತ್ತಿದ್ದ ಹುಡುಗಿಯನ್ನು ನಾನು ಇಷ್ಟು ವರ್ಷ ಮರೆತಿರಲಿಲ್ಲ. ಅದೇ ತರದ ಇನ್ನೊಂದು ಹುಡುಗಿ ನನ್ನ ಕಣದಲ್ಲೇ ನಿಂತದ್ದು ನನಗೆ ಕಾಣಲಿಲ್ಲ. ಮಾತಿಗೆ ಅಂತ, ಅಮ್ಮ ಪಾಠ ಮಾಡೋದು ಚೆನ್ನಾಗಿಲ್ವಾ ಅಂದೆ. ಚೆನ್ನಾಗಿದೆ ಅಂದಳು. ಸುಳ್ಳು ಹೇಳುವವಳಲ್ಲ. ಆಮೇಲೆ ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ಅದಿತಿಗೆ ಟೀಚರ್ ಬೈದ್ರೆ ಮನೆಗೆ ಬಂದು ಸುಮಾ ಆಂಟಿ ಹತ್ರ ಹೇಳ್ಕೊಂಡು ಅಳ್ತಾಳೆ. ನೀನು ಬೈದ್ರೆ ನಾನು ಯಾರ ಹತ್ರ ಹೇಳ್ಕೊಳ್ಲಿ ಅಮ್ಮ?"

ನನ್ನ ಹತ್ತಿರ ಇದ್ದ ಉತ್ತರ ಒಂದೇ, ಹಳೆಯದು. ಶಾಲೆಗೆ ಹೋದರೆ ಕಾಫಿ ಹೂ ನೋಡೋಕಾಗಲ್ಲ ಪುಟ್ಟಿ, ಆವಾಗ ಪರೀಕ್ಷೆ ಇರುತ್ತೆ ಅಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಯಾಕೆ, ಸಂಜೆ ಮನೆಗೆ ಬಂದು ನೋಡ್ತೀನಲ್ಲ ಅಂದಳು.

ಸುಮಾ ಪಿನ್ನು ತಂದಳು. ನನ್ನ ಮುಖ ನೋಡಿ, ಸೆರಗಿಗೆ ಪಿನ್ನು ಹಾಕಿ, ಅಲ್ಲೇ ಪಕ್ಕಕ್ಕೆ ಕೂತಳು. ಸಂಜೆ ಕಾರಿನಲ್ಲಿ ಎದುರಿಗೆ ಬಂದವರಿಗೆಲ್ಲ ಇಂಚರ ಹಿಂದಿನ ಸೀಟಿನಿಂದ ಬೆರಳು ಎತ್ತುತ್ತಾ ಬಂದಳು.

ಗೋಣಿಬೀಡು

ಅರ್ಜಿ ತುಂಬಿದ್ದು ನಾನೇ. ನಮ್ಮನೆಯವರು ಗೆದ್ದವರ ಮುಖ ಮಾಡಲಿಲ್ಲ, ಅದೂ ಅವರ ಆಯುಧವೇ. ಆನೆಯ ವಿಚಾರ ಏನು ಮಾಡೋದು ಅಂದೆ. ಬೆಳಿಗ್ಗೆ ಗೋಣಿಬೀಡಿನ ತನಕ ಜೀಪಿನಲ್ಲಿ ನಾನು ಬಿಡ್ತೀನಿ, ಅಲ್ಲಿಂದ ಶಾಲೆಯ ವ್ಯಾನು ಸಿಗುತ್ತೆ, ಆನೆ ಇದ್ದ ದಿನ ರಜೆ ಹಾಕಿದ್ರಾಯ್ತು ಅಂದರು. ಇಷ್ಟು ಸುಲಭದ ಮಾತು. ಆನೆ ಇದ್ದದ್ದು ನಿಜ. ಆದರೆ ಇಷ್ಟು ವರ್ಷ ನಾನು ಅದನ್ನು ನನ್ನ ಭಯದ ಮುಂದೆ ನಿಲ್ಲಿಸಿಕೊಂಡಿದ್ದೂ ನಿಜ.

ಮೊದಲ ದಿನ ನಾನೂ ಮೂಡಿಗೆರೆಯ ತನಕ ಹೋಗಿ ಬಿಟ್ಟು ಬಂದೆ. ಗೇಟಿನಲ್ಲಿ ಅತ್ತದ್ದು ನಾನು. ಸಂಜೆ ಜೀಪಿನಿಂದ ಇಳಿದವಳು ಬ್ಯಾಗನ್ನು ಜಗಲಿಗೆ ಎಸೆದು ಒಂದೇ ಸಮ ವರದಿ ಒಪ್ಪಿಸಿದಳು. ಕ್ಲಾಸಿನಲ್ಲಿ ಎಲ್ಲರೂ ಪ್ರೆಸೆಂಟ್ ಮಿಸ್ ಅನ್ನುವಾಗ ಇವಳ ಬಾಯಲ್ಲಿ ಬಂದಿದೀನಣ್ಣ ಅಂತಲೇ ಬಂದುಬಿಟ್ಟಿತಂತೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತಂತೆ. ಮಿಸ್ ಮಾತ್ರ ನಗದೆ, ಇದೇನು ತೋಟ ಅಂದ್ಕೊಂಡಿದೀಯಾ ಅಂತ ಬೈದು ನಿಲ್ಲಿಸಿದರಂತೆ. ನನ್ನ ರಕ್ತ ಕುದಿಯಿತು. ಬೈಯುವಂಥದ್ದು ಏನಿತ್ತು ಅದರಲ್ಲಿ? ಮನೆಯಲ್ಲಿದ್ದರೆ ಹೀಗಾಗುತ್ತಿತ್ತಾ ಅಂತ ಬಾಯಿಯ ತನಕ ಬಂದದ್ದನ್ನು ತಡೆದುಕೊಂಡೆ. ಇಂಚರ ನನ್ನ ಮಡಿಲಿನಲ್ಲಿ ಮುಖ ಹುದುಗಿಸಿ, ಆ ಮಿಸ್ ಸ್ವಲ್ಪಾನೂ ಚೆನ್ನಾಗಿಲ್ಲ ಅಮ್ಮ ಅಂತ ಬಿಕ್ಕಿ ಬಿಕ್ಕಿ ಅತ್ತಳು. ಇವಳು ಹೀಗೆ ನನ್ನ ಹತ್ತಿರ ಅತ್ತದ್ದೇ ಇರಲಿಲ್ಲ. ಐದು ವರ್ಷ ನಾನೇ ಆ ಮಿಸ್ ಆಗಿದ್ದೆ. ತಲೆ ಸವರುತ್ತಾ ಕೂತೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಎದ್ದು, ಮೆಲ್ಲಗೆ ಗುಟ್ಟು ಹೇಳುವವಳ ಹಾಗೆ ಅಂದಳು. ಎಲ್ಲರೂ ಅವಳನ್ನು ಈಗ ಅಣ್ಣ ಅಂತಾರಂತೆ.

ಎರಡನೇ ದಿನ ಅವರಿಬ್ಬರೂ ಹೊರಟ ಮೇಲೆ ನಾನು ಅಭ್ಯಾಸದಿಂದ ಮುಂದಿನ ಕೋಣೆಗೆ ಹೋಗಿ ಕೂತೆ. ಬಣ್ಣದ ಪೆನ್ನು ತೆಗೆದೆ. ಬರೆಯಲು ಏನೂ ಇರಲಿಲ್ಲ. ಮೇಜಿನ ಆ ಬದಿಯ ಕುರ್ಚಿ, ಅದರ ಕೆಳಗೆ ಅವಳು ಕಾಲಿನಿಂದ ಗೀಚಿ ಗೀಚಿ ಬಣ್ಣ ಎಬ್ಬಿಸಿದ ನೆಲ. ಆರನೇ ವಯಸ್ಸಿನಲ್ಲಿ ನಾನು ಅಮ್ಮನಿಗಾಗಿ ಹಂಬಲಿಸಿದೆ, ಈಗ ಮಗಳಿಗಾಗಿ ಹಂಬಲಿಸುತ್ತಿದ್ದೇನೆ. ನನ್ನನ್ನು ಕಳಿಸಿದ ಮೇಲೆ ಅಮ್ಮನೂ ಹೀಗೇ ಒಂದು ಕುರ್ಚಿ ನೋಡುತ್ತಾ ಕೂತಿರಬೇಕು ಅನ್ನೋದು ಆವತ್ತಿನ ತನಕ ನನಗೆ ಹೊಳೆದಿರಲೇ ಇಲ್ಲ. ಅವಳ ಪಾಲಿಗೆ ಸಂಜೆಯ ಜೀಪು ಇರಲಿಲ್ಲ.

ಎಂಟು ಗಂಟೆಗೆ ಹಿಂದುಗಡೆಯಿಂದ ಲಕ್ಷ್ಮಣಣ್ಣನ ದನಿ ಕೇಳಿತು, ಕೂಗುವ ಹೆಸರು ಯಾವುದೂ ಅಲ್ಲಿಗೆ ತಿಳಿಯುತ್ತಿರಲಿಲ್ಲ. ಎದ್ದು ಕಣಕ್ಕೆ ಹೋದೆ. ಮಳೆ ಹಿಡಿದಿದ್ದರಿಂದ ಎಲ್ಲರೂ ಗೋಡೌನಿನ ಸೂರಿನ ಕೆಳಗೆ ನಿಂತಿದ್ದರು. ಒಂದೊಂದೇ ಹೆಸರು, ಒಂದೊಂದೇ ಬಂದಿದೀನಣ್ಣ. ಮಂಜಪ್ಪ, ಚಂದ್ರಿ, ಗಿರಿಜ. ಗಿರಿಜಳ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಬಿಟ್ಟಿತ್ತು.

"ಇಂಚರಮ್ಮ," ಅಂದರು ಲಕ್ಷ್ಮಣಣ್ಣ.

ರೂಢಿಯ ಬಾಯಿ. ಕೂಗಿದ ಮೇಲೆ ಅವರಿಗೇ ನೆನಪಾಯಿತು. ತಲೆ ಎತ್ತಿದವರು ನನ್ನನ್ನು ನೋಡಿದರು. ಮೂರು ವರ್ಷದ ಗುಟ್ಟು ಒಡತಿಯ ಎದುರೇ ಬಾಯಿಬಿಟ್ಟದ್ದಕ್ಕೆ ಏನು ಹೇಳಬೇಕು ಅಂತ ತಿಳಿಯದೆ ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು.

"ರಜೆ ಅಂತ ಬರ್ಕೊಳ್ಲಾ ಅಮ್ಮಾವ್ರೇ?"

ಎಲ್ಲರೂ ನನ್ನ ಕಡೆ ತಿರುಗಿದ್ದರು. ಹೆಸರು ಅಳಿಸಿಬಿಡಿ ಅನ್ನಬೇಕಿತ್ತೇನೋ.

"ಬರ್ಕೊಳ್ಳಿ ಲಕ್ಷ್ಮಣಣ್ಣ," ಅಂದೆ. "ನಾಲ್ಕೂವರೆಗೆ ಬರ್ತಾಳೆ."